ಬೈಸಿಕಲ್ ಪ್ರವಾಸ ಮತ್ತು ಹೊರೆಯ ವಿಜ್ಞಾನ

ಬೈಸಿಕಲ್ಲಿನ ಮೇಲೆ ಹಾಲಿನ ಕ್ಯಾನುಗಳನ್ನು ಸಾಗಿಸುವವರನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಮೋಟಾರ್ ವಾಹನಗಳು ಹೆಚ್ಚಿದ ಮೇಲೆ ಈ ದೃಶ್ಯ ಅಪರೂಪವಾಗಿದೆ. ಆದರೂ ಹಳ್ಳಿಗಾಡಿನಲ್ಲಿ ಪೂರ್ತಿ ಮರೆಯಾಗಿಲ್ಲ. ಹಾಲಿನವನು ತುಂಬಿದ ಕ್ಯಾನುಗಳನ್ನು ಕ್ಯಾರಿಯರಿನ ಮೇಲೆ ಕೂರಿಸುವುದಿಲ್ಲ. ಕಬ್ಬಿಣದ ಕೊಕ್ಕೆಗಳಿಂದ ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿಯೂ ತೂಗುಹಾಕುತ್ತಾನೆ. ಕ್ಯಾನಿನ ತಳವು ಚಕ್ರದ ಅಚ್ಚಿನ ಮಟ್ಟಕ್ಕೆ ಹತ್ತಿರವಾಗಿರುತ್ತದೆ. ಎಳನೀರು ಮಾರುವವನೂ ಗೊನೆಗಳನ್ನು ಹೀಗೆಯೇ ಇಬ್ಬದಿಗೆ ಇಳಿಬಿಡುತ್ತಾನೆ. ಬೈಸಿಕಲ್ಲು ನಮ್ಮ ದೇಶಕ್ಕೆ ಬರುವುದಕ್ಕಿಂತ ಎಷ್ಟೋ ಹಿಂದೆ ಹೇರೆತ್ತಿನ ಬೆನ್ನಿನ ಮೇಲೆ ಕಂಟಲೆಯನ್ನು ಹಾಕುತ್ತಿದ್ದವರು ಅನುಸರಿಸಿದ್ದೂ ಇದೇ ಕ್ರಮವನ್ನು. ಆದರೆ ರಜೆಯಲ್ಲಿ ಪ್ರವಾಸ ಹೊರಟ ವಿದ್ಯಾರ್ಥಿಯು ಮಾಡುವುದೇನು? ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ, ಅದನ್ನು ಕ್ಯಾರಿಯರಿನ ಮೇಲೆ ಎತ್ತರವಾಗಿ ನಿಲ್ಲಿಸಿ ಹಗ್ಗದಿಂದ ಬಿಗಿಯುತ್ತಾನೆ; ಇಲ್ಲವೆ ಬೆನ್ನಿಗೇ ಹಾಕಿಕೊಳ್ಳುತ್ತಾನೆ. ಹಾಲಿನವನ ಕ್ರಮವು ಏಕೆ ಮೇಲೆಂಬುದನ್ನೂ, ಹಗುರವಾದ ಕ್ಯಾರಿಯರನ್ನೂ ಚೀಲಗಳನ್ನೂ ಆರಿಸುವಾಗ ಯಾವುದನ್ನು ನೋಡಬೇಕೆಂಬುದನ್ನೂ ಇಲ್ಲಿ ವಿಚಾರ ಮಾಡೋಣ.

ವಿಚಾರಕ್ಕೆ ಒಂದು ನಿರ್ದಿಷ್ಟವಾದ ಪ್ರದೇಶವನ್ನು ಇಟ್ಟುಕೊಂಡರೆ ಅನುಕೂಲ. ಬೆಂಗಳೂರಿಗೆ ನೈಋತ್ಯದಲ್ಲಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳನ್ನು ತೆಗೆದುಕೊಳ್ಳೋಣ. ಇವು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಎರಡು ಮೂರು ದಿನಗಳ ಸೈಕಲ್ ಪ್ರವಾಸಕ್ಕೆ ಇಷ್ಟು ಒಳ್ಳೆಯ ಪ್ರದೇಶ ಸುಲಭವಾಗಿ ದೊರೆಯದು. ರಾಮನಗರದ ಬಂಡೆಗಲ್ಲಿನ ಬೆಟ್ಟಗಳು, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು, ಕಣ್ವ ಜಲಾಶಯ, ಮಾಗಡಿಯ ಬಳಿಯ ಸಾವನದುರ್ಗ, ಕನಕಪುರದಾಚೆಗೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ, ಎಲ್ಲವೂ ಸೈಕಲ್ಲಿಗೆ ಎಟುಕುವ ದೂರದಲ್ಲಿವೆ. ಆದರೆ ನೆಲ ಸಮವಾಗಿಲ್ಲ. ಸಮುದ್ರಮಟ್ಟದಿಂದ ಮಾಗಡಿಯು ಸುಮಾರು 925 ಮೀಟರ್, ರಾಮನಗರವು 747 ಮೀಟರ್, ಚನ್ನಪಟ್ಟಣವು 739 ಮೀಟರ್, ಕನಕಪುರವು 638 ಮೀಟರ್ ಎತ್ತರದಲ್ಲಿವೆ. ಅರ್ಕಾವತಿಯು ಮಾಗಡಿಯ ಸೀಮೆಯಿಂದ ರಾಮನಗರಕ್ಕೂ ಅಲ್ಲಿಂದ ಕನಕಪುರಕ್ಕೂ ಹರಿದು ಹೋಗುವುದನ್ನು ನೆನೆದರೆ ಈ ಅಂಕಿಗಳು ತಾವಾಗಿಯೇ ಅರ್ಥವಾಗುತ್ತವೆ. ನದಿಯೊಡನೆ ಹೋಗುವವನಿಗೆ ಇಳಿಜಾರು, ನದಿಗೆ ಎದುರಾಗಿ ಬರುವವನಿಗೆ ಏರು.

ಹೊರೆಯ ತೂಕವು ನಮ್ಮನ್ನು ಎಷ್ಟು ದಣಿಸುತ್ತದೆ? ಇದನ್ನು ಊಹೆಗೆ ಬಿಡಬೇಕಾಗಿಲ್ಲ, ಲೆಕ್ಕಹಾಕಬಹುದು. ಸವಾರನ ತೂಕ 55 ಕಿಲೋಗ್ರಾಂ, ಸೈಕಲ್ಲಿನದು 20, ಹೊರೆ 10 ಎಂದಿಟ್ಟುಕೊಳ್ಳೋಣ. ಟೈರು ಉರುಳುವಾಗಿನ ಘರ್ಷಣೆಯ ಗುಣಾಂಕ 0.008 ಇದ್ದರೆ, ಸಮನೆಲದ ಮೇಲೆ ಆ 10 ಕಿಲೋಗ್ರಾಂ ಹೊರೆಯಿಂದ ಹೆಚ್ಚುವ ಪ್ರತಿರೋಧವು 0.8 ನ್ಯೂಟನ್ ಮಾತ್ರ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಕುಳಿತು ಹೋಗುವ ಸವಾರನನ್ನು ಗಾಳಿಯು ಸುಮಾರು 6 ನ್ಯೂಟನ್ ಬಲದಿಂದ ತಡೆಯುತ್ತಿರುತ್ತದೆ. ಅದರ ಮುಂದೆ ಇದು ಅತ್ಯಲ್ಪ. ರಾಮನಗರದಿಂದ ಚನ್ನಪಟ್ಟಣಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ದಾರಿಯಲ್ಲಿ, ಹೊರೆಯ ತೂಕಕ್ಕಿಂತ ಎದುರುಗಾಳಿಯೇ ಹೆಚ್ಚು ಕಾಡೀತು.

ಏರಿನಲ್ಲಿ ಸ್ಥಿತಿ ಬದಲಾಗುತ್ತದೆ. ನೂರು ಮೀಟರ್ ಹೋದರೆ ಆರು ಮೀಟರ್ ಏರುವ ದಿಣ್ಣೆಯಲ್ಲಿ ಅದೇ ಹೊರೆಯು ಹೆಚ್ಚುವರಿಯಾಗಿ 5.9 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಎಂದರೆ ಸಮನೆಲದ ಪ್ರತಿರೋಧದ ಏಳರಷ್ಟು. ಆದರೂ ಶಕ್ತಿಯ ಲೆಕ್ಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕನಕಪುರದಿಂದ ಮಾಗಡಿಯ ಎತ್ತರಕ್ಕೆ 287 ಮೀಟರ್ ವ್ಯತ್ಯಾಸ. ಅಷ್ಟು ಎತ್ತರಕ್ಕೆ 10 ಕಿಲೋಗ್ರಾಂ ತೂಕವನ್ನೆತ್ತಲು ಬೇಕಾದ ಕೆಲಸ ಸುಮಾರು 28,000 ಜೂಲ್. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಹಾಗೆ ಎಣಿಸಿದರೂ ಬೇಕಾಗುವುದು 27 ಕಿಲೋಕ್ಯಾಲರಿ, ಅಂದರೆ ಏಳು ಗ್ರಾಂ ಬೆಲ್ಲ! ದಾರಿಯ ಏರಿಳಿತಗಳನ್ನೆಲ್ಲ ಸೇರಿಸಿ ಇದನ್ನು ಮೂರು ಪಾಲು ಮಾಡಿದರೂ ಒಂದು ಚಿಕ್ಕ ಬೆಲ್ಲದ ತುಂಡಿಗೆ ಮುಗಿಯಿತು.

ಹಾಗಾದರೆ ದಿಣ್ಣೆಯಲ್ಲಿ ಏದುಸಿರು ಬಿಡುವುದೇಕೆ? ಅಲ್ಲಿ ಕೊರತೆ ಬೀಳುವುದು ಶಕ್ತಿಯಲ್ಲ, ಬಲ. ಗಿಯರುಗಳಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಎಂದು ಭಾವಿಸಿ. ಮೇಲೆ ಹೇಳಿದ ದಿಣ್ಣೆಯನ್ನು ಬರಿಯ ಸೈಕಲ್ಲಿನಲ್ಲಿ ಹತ್ತುವಾಗ, ಪೆಡಲನ್ನು ಪ್ರತಿಯೊಂದು ತುಳಿತದ ನಡುವೆ ಸುಮಾರು 41 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಒತ್ತಬೇಕಾಗುತ್ತದೆ. ಹತ್ತು ಕಿಲೋಗ್ರಾಂ ಹೊರೆ ಸೇರಿದರೆ ಅದು 46ಕ್ಕೆ ಏರುತ್ತದೆ. ಸವಾರನು ಸೀಟಿನಿಂದ ಎದ್ದುನಿಂತು ಹೊಮ್ಮಿಸಬಹುದಾದದ್ದು, ಹ್ಯಾಂಡಲನ್ನು ಜಗ್ಗದಿದ್ದರೆ, ತನ್ನ ತೂಕದಷ್ಟು, ಅಂದರೆ 55. ಹೊರೆಯು 20 ಕಿಲೋಗ್ರಾಂ ಆದರೆ ಬೇಕಾಗುವ ಬಲ 52ನ್ನು ಮುಟ್ಟುತ್ತದೆ. ಆಗ ಇಳಿದು ತಳ್ಳುವುದೇ ಗತಿ. ಗಿಯರಿಲ್ಲದ ಸೈಕಲ್ಲಿನವನು ಹೊರೆಯನ್ನು ಹತ್ತು ಕಿಲೋಗ್ರಾಂ ಒಳಗೆ ಇಟ್ಟುಕೊಳ್ಳಬೇಕೆಂಬುದಕ್ಕೆ ಇದೇ ಕಾರಣ. ಗಿಯರುಗಳಿರುವವನು ಇದನ್ನು ಒಂದಿಷ್ಟು ಮೀರಬಹುದು. ಅವನು ಕಾಲವನ್ನು ಕೊಟ್ಟು ಬಲವನ್ನು ಕೊಂಡುಕೊಳ್ಳುತ್ತಾನೆ.

ಇಲ್ಲಿ ಒಂದು ಮಾತು. ಹಳೆಯ ಮಾದರಿಯ ಉಕ್ಕಿನ ಕ್ಯಾರಿಯರು ಒಂದು ಕಿಲೋಗ್ರಾಂಗೂ ಮೀರಿ ತೂಗುವುದುಂಟು. ಹಗುರವಾದ ಅಲ್ಯೂಮಿನಿಯಮ್ ಕ್ಯಾರಿಯರು ಅರ್ಧದಿಂದ ಮುಕ್ಕಾಲು ಕಿಲೋಗ್ರಾಂ ತೂಗುತ್ತದೆ. ಉಳಿಯುವುದು ಹೆಚ್ಚೆಂದರೆ ಅರ್ಧ ಕಿಲೋಗ್ರಾಂ. ಬಹಳ ಹಣ ತೆತ್ತು ಈ ಅರ್ಧ ಕಿಲೋಗ್ರಾಂ ಉಳಿಸಿ, ಎರಡನೆಯ ಜೊತೆ ಬೂಟನ್ನು ಚೀಲಕ್ಕೆ ಹಾಕುವವರಿದ್ದಾರೆ! 1884ರಲ್ಲಿ ಸಾನ್ ಫ್ರಾನ್ಸಿಸ್ಕೋದಿಂದ ದೊಡ್ಡ ಚಕ್ರದ ಹಳೆಯ ಮಾದರಿಯ ಬೈಸಿಕಲ್ಲನ್ನೇರಿ ಭೂಪ್ರದಕ್ಷಿಣೆಗೆ ಹೊರಟ ಥಾಮಸ್ ಸ್ಟೀವನ್ಸ್ ಎಂಬಾತನು ಹ್ಯಾಂಡಲಿನ ಚೀಲದಲ್ಲಿ ಒಯ್ದದ್ದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಡೇರೆಯಾಗಿಯೂ ಹಾಸಿಗೆಯಾಗಿಯೂ ಒದಗುತ್ತಿದ್ದ ಒಂದು ಮಳೆಯಂಗಿ, ಒಂದು ಪಿಸ್ತೂಲು, ಇಷ್ಟೇ. ಲಾಹೋರಿನಿಂದ ಕಲ್ಕತ್ತದವರೆಗೆ ನಮ್ಮ ರಸ್ತೆಯ ಧೂಳನ್ನೂ ಆತ ಕಂಡ. ಪಿಸ್ತೂಲಿನ ಬದಲು ಪಂಪನ್ನೂ ಪಂಕ್ಚರ್ ಸಾಮಾನನ್ನೂ ಇಟ್ಟರೆ ಆ ಪಟ್ಟಿ ಇಂದಿಗೂ ಒಪ್ಪಬಹುದಾದದ್ದು.

ತೂಕದ ಮಾತು ಇಷ್ಟು ಸಾಕು. ಅದಕ್ಕಿಂತ ಮುಖ್ಯವಾದದ್ದು ತೂಕದ ಸ್ಥಾನ.

ಕ್ಯಾರಿಯರಿನ ಮೇಲೆ ನಿಲ್ಲಿಸಿದ ಚೀಲದ ಗುರುತ್ವಕೇಂದ್ರವು ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಪಕ್ಕಗಳಲ್ಲಿ ಇಳಿಬಿಟ್ಟ ಜೋಡಿಚೀಲದಲ್ಲಿ ಅದು 50 ಸೆಂಟಿಮೀಟರಿಗೆ ಇಳಿಯುತ್ತದೆ. ಸೈಕಲ್ಲು ಐದು ಡಿಗ್ರಿಯಷ್ಟು ವಾಲಿತೆನ್ನಿ. ಮೊದಲನೆಯ ಹೊರೆಯು ಚಕ್ರಗಳ ರೇಖೆಯಿಂದ 7.8 ಸೆಂಟಿಮೀಟರ್ ಆಚೆಗೆ ಸರಿಯುತ್ತದೆ, ಎರಡನೆಯದು 4.4 ಸೆಂಟಿಮೀಟರ್ ಮಾತ್ರ. ಆದುದರಿಂದ ಸೈಕಲ್ಲನ್ನು ನೆಲಕ್ಕೆ ಕೆಡವಲು ಮೊದಲನೆಯ ಹೊರೆಯು ಪ್ರಯೋಗಿಸುವ ಭ್ರಾಮಕವು ಎರಡನೆಯದರ ಸುಮಾರು ಒಂದೂ ಮುಕ್ಕಾಲರಷ್ಟಾಗುತ್ತದೆ.

ಜಾಣನಾದ ವಿದ್ಯಾರ್ಥಿಯು ಇಲ್ಲಿ ಆಕ್ಷೇಪಿಸಬಹುದು. ಅಂಗೈ ಮೇಲೆ ಪೆನ್ಸಿಲನ್ನು ನಿಲ್ಲಿಸುವುದು ಕಷ್ಟ, ಉದ್ದನೆಯ ಬಿದಿರುಕೋಲನ್ನು ನಿಲ್ಲಿಸುವುದು ಸುಲಭ. ಗುರುತ್ವಕೇಂದ್ರವು ಎತ್ತರದಲ್ಲಿದ್ದಷ್ಟೂ ಸಮತೋಲನವು ಸುಲಭವಾಗಬೇಕಲ್ಲವೆ? ಆಕ್ಷೇಪಣೆಯು ನ್ಯಾಯವಾದದ್ದೇ. ಉದ್ದನೆಯ ಕೋಲು ನಿಧಾನವಾಗಿ ವಾಲುವುದರಿಂದ ಅದನ್ನು ಸರಿಪಡಿಸಲು ಕೈಗೆ ಸಮಯವಿರುತ್ತದೆ. ವೇಗವಾಗಿ ಸಾಗುತ್ತಿರುವ ಸೈಕಲ್ಲಿನಲ್ಲಿಯೂ ನಾವು ಹ್ಯಾಂಡಲನ್ನು ಕೊಂಚ ಕೊಂಚ ತಿರುಗಿಸಿ ವಾಲಿಕೆಯನ್ನು ಸರಿಪಡಿಸುತ್ತಲೇ ಇರುತ್ತೇವೆ. ಆಗ ಎತ್ತರದ ಹೊರೆಯು ಅಷ್ಟೇನೂ ಬಾಧಿಸುವುದಿಲ್ಲ. ಅದು ಬಾಧಿಸುವುದು ಹೊರಡುವಾಗ, ನಿಲ್ಲುವಾಗ, ಇಳಿದು ತಳ್ಳುವಾಗ, ದಿಣ್ಣೆಯಲ್ಲಿ ನಿಂತು ತುಳಿಯುತ್ತ ಸೈಕಲ್ಲನ್ನು ಅತ್ತ ಇತ್ತ ಓಲಿಸುವಾಗ. ಸಾವನದುರ್ಗದ ಕಡೆಯ ಏರುದಾರಿಗಳಲ್ಲಿ ಸೈಕಲ್ಲಿನವನು ಮಾಡುವುದೆಲ್ಲ ಇದೇ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಎತ್ತರದ ಹೊರೆಯು ಕ್ಯಾರಿಯರನ್ನೇ ಪಕ್ಕಕ್ಕೆ ತಿರುಚುತ್ತದೆ. ಅದನ್ನು ಮುಂದೆ ನೋಡೋಣ.

ಎತ್ತರದಂತೆಯೇ ಹಿಂದುಮುಂದಿನ ಸ್ಥಾನವೂ ಗಮನಾರ್ಹವಾದದ್ದು. ಎರಡು ಚಕ್ರಗಳ ಅಚ್ಚುಗಳ ನಡುವಣ ಅಂತರ ಸುಮಾರು 115 ಸೆಂಟಿಮೀಟರ್. ಹೊರೆಯು ಹಿಂದಿನ ಅಚ್ಚಿಗಿಂತ 25 ಸೆಂಟಿಮೀಟರ್ ಹಿಂದಕ್ಕಿದ್ದರೆ ಸೈಕಲ್ಲು ಒಂದು ಸನ್ನೆಗೋಲಾಗುತ್ತದೆ, ಹಿಂದಿನ ಅಚ್ಚು ಅದರ ಆನಿಕೆಯಾಗುತ್ತದೆ. ಹತ್ತು ಕಿಲೋಗ್ರಾಂ ಹೊರೆಯು ಮುಂದಿನ ಚಕ್ರದ ಮೇಲಿನ ಭಾರದಲ್ಲಿ 2.2 ಕಿಲೋಗ್ರಾಮನ್ನು ಎತ್ತಿ ಹಿಂದಿನ ಚಕ್ರಕ್ಕೆ ವರ್ಗಾಯಿಸುತ್ತದೆ. ಸವಾರನೂ ಸೈಕಲ್ಲೂ ಸೇರಿ ಹಿಂದಿನ ಚಕ್ರದ ಮೇಲೆ ಮೊದಲೇ 45 ಕಿಲೋಗ್ರಾಂ ಇದ್ದರೆ ಈಗ 57 ಆಯಿತು. ಒಟ್ಟು ತೂಕ ಹೆಚ್ಚಿದ್ದು ನೂರಕ್ಕೆ ಹದಿಮೂರು. ಹಿಂದಿನ ಚಕ್ರದ ಭಾರ ಹೆಚ್ಚಿದ್ದು ನೂರಕ್ಕೆ ಇಪ್ಪತ್ತೇಳು. ಪ್ರವಾಸಗಳಲ್ಲಿ ಹಿಂದಿನ ಚಕ್ರದ ಕಡ್ಡಿಗಳೇ ಮೊದಲು ಮುರಿಯುವುದು ಆಕಸ್ಮಿಕವಲ್ಲ. ಹಳೆಯ ಇಪ್ಪತ್ತೆಂಟು ಅಂಗುಲದ ಸೈಕಲ್ಲುಗಳನ್ನು ರೂಪಿಸಿದವರು ಮುಂದಿನ ಚಕ್ರಕ್ಕೆ 32 ಕಡ್ಡಿಗಳನ್ನೂ ಹಿಂದಿನದಕ್ಕೆ 40 ಕಡ್ಡಿಗಳನ್ನೂ ಕೊಟ್ಟಿದ್ದರು. ಈಗಿನ ಹಗುರ ಸೈಕಲ್ಲುಗಳ ಚಕ್ರಗಳಲ್ಲಿ ಕಡ್ಡಿಗಳು ಕಡಿಮೆ. ಅವುಗಳ ಮೇಲೆ ಹೊರೆ ಹೇರುವ ಮುನ್ನ ಎಣಿಸಿ ನೋಡುವುದು ಒಳ್ಳೆಯದು.

ಇನ್ನು ಕ್ಯಾರಿಯರು. ಅಂಗಡಿಯಲ್ಲಿ ಇದನ್ನು ಕೈಯಲ್ಲಿ ಹಿಡಿದು, "ಎಷ್ಟು ಹಗುರ!" ಎಂದು ಮೆಚ್ಚುವುದು ಸಾಮಾನ್ಯ. ಕೇಳಬೇಕಾದ ಪ್ರಶ್ನೆ ಅದಲ್ಲ. ಎಷ್ಟು ಅಲುಗುತ್ತದೆ ಎಂಬುದು. ಅಲುಗುವ ಕ್ಯಾರಿಯರೂ ಅದರ ಮೇಲಿನ ಹೊರೆಯೂ ಸೇರಿ ಒಂದು ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ತಮ್ಮದೇ ಆದ ಒಂದು ಆವೃತ್ತಿಯಲ್ಲಿ ತೂಗಾಡುತ್ತವೆ. ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಮುಂದಿನ ಚಕ್ರದ ಸಣ್ಣ ನಡುಕಕ್ಕೂ ಈ ತೂಗಾಟಕ್ಕೂ ಆವೃತ್ತಿ ಹೊಂದಿಕೆಯಾಯಿತೆಂದರೆ ಅನುರಣನ ಉಂಟಾಗಿ, ಹ್ಯಾಂಡಲು ಎಡಕ್ಕೂ ಬಲಕ್ಕೂ ತಾನಾಗಿಯೇ ಹೊಡೆದುಕೊಳ್ಳತೊಡಗುತ್ತದೆ. ಮಾಗಡಿಯಿಂದ ಇಳಿದು ಬರುವ ದಾರಿಯಲ್ಲಿ ಹೀಗಾದರೆ ಪ್ರಾಣಕ್ಕೇ ಅಪಾಯ. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಹೋರಾಡಬಾರದು. ಎರಡು ಮೊಣಕಾಲುಗಳಿಂದ ಸೈಕಲ್ಲಿನ ಮೇಲಿನ ಕೊಳವೆಯನ್ನು ಒತ್ತಿಹಿಡಿದು ಮೆಲ್ಲನೆ ವೇಗವನ್ನು ತಗ್ಗಿಸಬೇಕು. ಒತ್ತಿದ ಮೊಣಕಾಲುಗಳು ನಡುಕದ ಶಕ್ತಿಯನ್ನು ಹೀರಿಕೊಳ್ಳುತ್ತವೆ.

ಅಲುಗದ ಕ್ಯಾರಿಯರು ಭಾರವಾಗಿಯೇ ಇರಬೇಕೆಂದೇನೂ ಇಲ್ಲ. ಒಂದು ಸರಳು ಬಾಗುವಿಕೆಯನ್ನು ತಡೆಯುವ ಗುಣವನ್ನು ದಾರ್ಢ್ಯವೆನ್ನೋಣ. ಗುಂಡಾದ ಸರಳಿನಲ್ಲಿ ಇದು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತೂಕವಾದರೋ ಎರಡನೆಯ ಘಾತವನ್ನು ಮಾತ್ರ. ಆರು ಮಿಲಿಮೀಟರ್ ಸರಳಿನ ಬದಲು ಎಂಟು ಮಿಲಿಮೀಟರ್ ಸರಳನ್ನು ಬಳಸಿದರೆ ತೂಕ 1.8ರಷ್ಟಾದರೆ ದಾರ್ಢ್ಯ 3.2ರಷ್ಟಾಗುತ್ತದೆ. ಇದೇ ಲೋಹವನ್ನು ಟೊಳ್ಳಾದ ಕೊಳವೆಯಾಗಿ ಮಾಡಿದರೆ ಲಾಭ ಇನ್ನೂ ಹೆಚ್ಚು. ಹೊರವ್ಯಾಸ 10 ಮಿಲಿಮೀಟರ್, ಒಳವ್ಯಾಸ 8 ಮಿಲಿಮೀಟರ್ ಇರುವ ಕೊಳವೆಯು 8 ಮಿಲಿಮೀಟರಿನ ಘನ ಸರಳಿಗಿಂತ ನೂರಕ್ಕೆ ನಲವತ್ತನಾಲ್ಕರಷ್ಟು ಹೆಚ್ಚು ದೃಢ. ತೂಕವಾದರೋ ಅದರ ನೂರಕ್ಕೆ ಐವತ್ತಾರು ಮಾತ್ರ. ಬಿದಿರನ್ನು ಸೃಷ್ಟಿಯು ಟೊಳ್ಳಾಗಿಸಿರುವುದು ಇದೇ ಲೆಕ್ಕಾಚಾರದಿಂದ. ಕ್ಯಾರಿಯರಿನ ತುದಿಯನ್ನು ಬೆರಳಿನಿಂದ ತಟ್ಟಿ, ಅದು ಸರಳೋ ಕೊಳವೆಯೋ ಎಂದು ಕೇಳಿ ತಿಳಿಯಬೇಕು.

ಅಲ್ಯೂಮಿನಿಯಮ್ಮಿನ ವಿಷಯದಲ್ಲಿ ಒಂದು ಭ್ರಮೆ ಇದೆ. ಅದರ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗ, ನಿಜ. ಆದರೆ ಅದರ ಸ್ಥಿತಿಸ್ಥಾಪಕ ಗುಣಾಂಕವೂ ಉಕ್ಕಿನ ಮೂರನೆಯ ಒಂದು ಭಾಗವೇ. ಒಂದೇ ದಪ್ಪದ ಎರಡು ಸರಳುಗಳಲ್ಲಿ ಅಲ್ಯೂಮಿನಿಯಮ್ಮಿನದು ಮೂರುಪಟ್ಟು ಹಗುರವಾಗಿ, ಮೂರುಪಟ್ಟು ಹೆಚ್ಚು ಬಾಗುತ್ತದೆ. ಲಾಭ ದೊರೆಯುವುದು ದಪ್ಪವನ್ನು ಹೆಚ್ಚಿಸಿದಾಗ. ಎಂಟು ಮಿಲಿಮೀಟರ್ ಉಕ್ಕಿನ ಬದಲು ಹತ್ತು ಮಿಲಿಮೀಟರ್ ಅಲ್ಯೂಮಿನಿಯಮ್ ಸರಳನ್ನು ಹಾಕಿದರೆ ತೂಕ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ, ದಾರ್ಢ್ಯವು ನೂರಕ್ಕೆ ಎಂಬತ್ತೈದರಷ್ಟು ಉಳಿಯುತ್ತದೆ. ಆದುದರಿಂದ ಸಣ್ಣಗಿರುವ ಅಲ್ಯೂಮಿನಿಯಮ್ ಕ್ಯಾರಿಯರು ನೋಡಲು ಎಷ್ಟೇ ಚೆಲುವಾಗಿರಲಿ, ಅದನ್ನು ನಂಬುವಂತಿಲ್ಲ.

ಸರಳಿನ ದಪ್ಪಕ್ಕಿಂತಲೂ ಅದನ್ನು ಜೋಡಿಸಿದ ರೀತಿಯು ಹೆಚ್ಚು ಮುಖ್ಯ. ಸೀಟಿನ ಕಂಬಕ್ಕೆ ಮಾತ್ರ ಬಿಗಿದು, ಹಿಂದಕ್ಕೆ ಕೈಚಾಚಿದಂತೆ ನಿಲ್ಲುವ ಕ್ಯಾರಿಯರುಗಳಿವೆ. ಒಂದೇ ತುದಿಯಲ್ಲಿ ಹಿಡಿತವಿರುವ ತೊಲೆಯ ಬಾಗುವಿಕೆಯು ಉದ್ದದ ಮೂರನೆಯ ಘಾತದಂತೆ ಹೆಚ್ಚುತ್ತದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಹೊರೆಯು ಅದರ ತುದಿಯಲ್ಲಿ ಕುಣಿಯುತ್ತದೆ. ಕಂಬದ ಸುತ್ತ ಕ್ಯಾರಿಯರೇ ತಿರುಗಿಬಿಡುವುದೂ ಉಂಟು. ಪ್ರವಾಸಕ್ಕೆ ಇದು ಸಲ್ಲದು. ಅಚ್ಚಿನ ಬಳಿಯಿಂದ ಎರಡು ಕಡೆಗೂ ಏರಿಬರುವ ಊರೆಗಳೂ, ಮುಂದೆ ಸೀಟಿನ ಕೆಳಗೆ ಸೈಕಲ್ಲಿನ ಚೌಕಟ್ಟಿಗೆ ಬಿಗಿದ ಪಟ್ಟಿಗಳೂ ಸೇರಿ ತ್ರಿಕೋನಗಳಾದಾಗ, ಸರಳುಗಳು ಬಾಗಬೇಕಾದ ಪ್ರಸಂಗವೇ ಬಹುಮಟ್ಟಿಗೆ ತಪ್ಪಿ, ಉದ್ದಕ್ಕೆ ಎಳೆತವನ್ನೋ ಒತ್ತಡವನ್ನೋ ಮಾತ್ರ ತಡೆಯಬೇಕಾಗುತ್ತದೆ. ಉದ್ದಕ್ಕೆ ಎಳೆದರೆ ತೆಳುವಾದ ಸರಳೂ ಭಾರವನ್ನು ತಾಳುತ್ತದೆ. ಪಕ್ಕದ ಊರೆಗಳಲ್ಲಿ ಒಂದು ಹಿಂದಕ್ಕೆ ಓರೆಯಾಗಿರಬೇಕು; ಅದಿಲ್ಲದಿದ್ದರೆ ಜೋಡಿಚೀಲದ ಹಿಂಬದಿಯು ಒಳಕ್ಕೆ ತಿರುಗಿ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಓಡುತ್ತಿರುವ ಚಕ್ರಕ್ಕೆ ಚೀಲದ ಪಟ್ಟಿಯು ಸಿಕ್ಕಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಪರೀಕ್ಷೆ ಬಹಳ ಸುಲಭ. ಕ್ಯಾರಿಯರನ್ನು ಸೈಕಲ್ಲಿಗೆ ಬಿಗಿಸಿ, ಒಂದು ಕೈಯಲ್ಲಿ ಸೀಟನ್ನೂ ಇನ್ನೊಂದರಲ್ಲಿ ಕ್ಯಾರಿಯರಿನ ಹಿಂದಿನ ತುದಿಯನ್ನೂ ಹಿಡಿದು ಪಕ್ಕಕ್ಕೆ ಅಲುಗಿಸಿ. ಬೆರಳಿನ ದಪ್ಪದಷ್ಟು ಆಡಿದರೆ ಬೇರೆಯದನ್ನು ನೋಡಿ.

ಚೀಲಗಳ ಬಟ್ಟೆಯ ವಿಷಯದಲ್ಲಿ ಜನರು ಬೇಡದಷ್ಟು ಚರ್ಚೆ ಮಾಡುತ್ತಾರೆ. 40 ಸೆಂಟಿಮೀಟರ್ ಎತ್ತರ, 30 ಅಗಲ, 15 ದಪ್ಪದ ಚೀಲಕ್ಕೆ 18 ಲೀಟರ್ ಹಿಡಿಯುತ್ತದೆ, ಸುಮಾರು 0.45 ಚದರ ಮೀಟರ್ ಬಟ್ಟೆ ಬೇಕಾಗುತ್ತದೆ. ಚದರ ಮೀಟರಿಗೆ 500 ಗ್ರಾಂ ತೂಗುವ ಕ್ಯಾನ್ವಾಸಿನ ಬದಲು 200 ಗ್ರಾಂ ತೂಗುವ ನೈಲಾನನ್ನು ಬಳಸಿದರೆ ಎರಡು ಚೀಲಗಳಿಂದ ಉಳಿಯುವುದು 270 ಗ್ರಾಂ, ಒಂದು ದೊಡ್ಡ ಲೋಟ ನೀರಿನ ತೂಕ. ಹತ್ತಿಯ ದಟ್ಟವಾದ ಕ್ಯಾನ್ವಾಸು ನೆನೆದಾಗ ಎಳೆಗಳು ಉಬ್ಬಿ ಸಂದುಗಳನ್ನು ಮುಚ್ಚುತ್ತವೆಯಾದ್ದರಿಂದ ಸಣ್ಣ ಮಳೆಗೆ ಅದು ಒದಗುತ್ತದೆ. ಊರಿನ ದರ್ಜಿಯಿಂದಲೇ ಹೊಲಿಸಬಹುದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಜಡಿಮಳೆಗೆ ಯಾವ ಬಟ್ಟೆಯನ್ನೂ ನಂಬದೆ, ಸಾಮಾನನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುವುದೇ ಮೇಲು.

ನೋಡಬೇಕಾದದ್ದು ಚೀಲದ ಆಕಾರವನ್ನೂ ಕೊಕ್ಕೆಗಳನ್ನೂ. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿ ಚೀಲಕ್ಕೆ ತಗುಲಬಾರದು. ಆದ್ದರಿಂದ ಚೀಲದ ಮುಂದಿನ ಕೆಳಮೂಲೆಯು ಓರೆಯಾಗಿ ಕತ್ತರಿಸಿದಂತಿರಬೇಕು. ಹಿಮ್ಮಡಿಯನ್ನು ಉಳಿಸಲೆಂದು ಚೀಲವನ್ನೇ ಹಿಂದಕ್ಕೆ ಸರಿಸಿದರೆ ಮೇಲೆ ಹೇಳಿದ ಸನ್ನೆಗೋಲಿನ ತೊಂದರೆಯು ಮರಳಿ ಬರುತ್ತದೆ. ಹಳೆಯ ಮಾದರಿಯ ಸೈಕಲ್ಲುಗಳು ಉದ್ದವಾಗಿರುವುದರಿಂದ ಅವುಗಳಲ್ಲಿ ಈ ತೊಡಕು ಕಡಿಮೆ. ಮೇಲೆ ಎರಡು ಕೊಕ್ಕೆಗಳಲ್ಲದೆ, ಕೆಳಗಡೆ ಊರೆಗೆ ಹಿಡಿದೆಳೆಯುವ ಒಂದು ಪಟ್ಟಿಯೂ ಬೇಕು. ಇಲ್ಲವಾದರೆ ಹಳ್ಳ ಬಂದಾಗಲೆಲ್ಲ ಚೀಲವು ನೆಗೆದು ಕಳಚಿಕೊಳ್ಳುತ್ತದೆ.

ಕ್ಯಾರಿಯರೇ ಇಲ್ಲದೆ ಸೀಟಿನ ಹಿಂದೆ, ಹ್ಯಾಂಡಲಿನ ಮೇಲೆ, ಚೌಕಟ್ಟಿನ ತ್ರಿಕೋನದೊಳಗೆ ಪಟ್ಟಿಗಳಿಂದ ಬಿಗಿಯುವ ಚೀಲಗಳೂ ಈಗ ದೊರೆಯುತ್ತವೆ. ಒಂದು ರಾತ್ರಿಯ ಪ್ರವಾಸಕ್ಕೆ, ಬೆಟ್ಟದ ಕಚ್ಚಾದಾರಿಗಳಿಗೆ ಇವು ಚೆನ್ನ. ತ್ರಿಕೋನದ ಚೀಲವಂತೂ ಅತ್ಯುತ್ತಮ. ಭಾರವು ಎರಡು ಚಕ್ರಗಳ ನಡುವೆ, ತಗ್ಗಿನಲ್ಲಿ, ಅಲುಗದೆ ಇರುತ್ತದೆ. ಸೀಟಿನ ಹಿಂದಿನ ಚೀಲವು ಮಾತ್ರ ಬಾಲದಂತೆ ಆಡುತ್ತದೆ. ಗಿಡ್ಡನೆಯ ಸವಾರರಿಗೆ ಸೀಟಿಗೂ ಟೈರಿಗೂ ನಡುವೆ ಅದಕ್ಕೆ ಸ್ಥಳವೇ ಇರುವುದಿಲ್ಲ. ಹ್ಯಾಂಡಲಿನಲ್ಲಿ ಎರಡು ಮೂರು ಕಿಲೋಗ್ರಾಮಿಗಿಂತ ಹೆಚ್ಚು ಇಟ್ಟರೆ ತಿರುಗಿಸುವ ಜಡತ್ವವು ಹೆಚ್ಚಿ ಕೈ ಸೋಲುತ್ತದೆ.

ತುಂಬುವಾಗ ಉಪಕರಣ, ಆಹಾರ ಮುಂತಾದ ಭಾರದ ವಸ್ತುಗಳು ಚೀಲದ ತಳದಲ್ಲಿ, ಮುಂದಿನ ಬದಿಗೆ ಇರಲಿ. ಎಡಬಲಗಳ ತೂಕ ಸಮನಾಗಿರಲಿ. ಚನ್ನಪಟ್ಟಣದಲ್ಲಿ ಕೊಂಡ ಗೊಂಬೆಗಳು ಹಗುರವಾದ್ದರಿಂದ ಮೇಲೆಯೇ ಇರಬಹುದು. ಹೊರೆ ಹೇರಿದ ಸೈಕಲ್ಲನ್ನು ನಿಲ್ಲಿಸಲು ದೂರ ಹೆಚ್ಚು ಬೇಕೆಂಬುದನ್ನೂ, ಸರಳಿನ ಬ್ರೇಕು ಇರುವ ಹಳೆಯ ಸೈಕಲ್ಲಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ಹಿಡಿತ ಬಹಳ ಕುಂದುತ್ತದೆಂಬುದನ್ನೂ ಮರೆಯಬಾರದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ನಡುರಸ್ತೆಯಲ್ಲಿ ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯನ್ನೋ ಊರೊಳಗಿನ ಹಳೆಯ ರಸ್ತೆಯನ್ನೋ ಹಿಡಿಯಬೇಕು. ಅಲ್ಲಿ ಉಬ್ಬುತಗ್ಗುಗಳು ಹೆಚ್ಚು, ಕ್ಯಾರಿಯರಿಗೆ ಬೀಳುವ ಪೆಟ್ಟುಗಳೂ ಹೆಚ್ಚು.

ಈ ಪೆಟ್ಟುಗಳಿಂದ ಲೋಹವೂ ದಣಿಯುತ್ತದೆ. ಉಕ್ಕಿಗೆ ಒಂದು ಮಿತಿಯಿದೆ. ಅದರೊಳಗಿನ ಪೆಟ್ಟುಗಳು ಎಷ್ಟು ಲಕ್ಷ ಬಾರಿ ಬಿದ್ದರೂ ಅದು ಮುರಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟವಾದ ಮಿತಿಯಿಲ್ಲ. ಸಣ್ಣ ಪೆಟ್ಟುಗಳೂ ಬೆಸುಗೆಯ ಬಳಿ ಕೂಡುತ್ತ ಹೋಗಿ ಒಂದು ದಿನ ಬಿರುಕಾಗುತ್ತವೆ. ಮೊದಲ ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ಇಳಿದು ನಟ್ಟುಗಳನ್ನೆಲ್ಲ ಮತ್ತೆ ಬಿಗಿಯಬೇಕು. ಪ್ರತಿದಿನ ಬೆಳಿಗ್ಗೆ ಬೆಸುಗೆಗಳ ಮೇಲೆ ಉಗುರಾಡಿಸಿ ಬಿರುಕಿದೆಯೇ ಎಂದು ನೋಡಬೇಕು. ಉಕ್ಕಿನ ಕ್ಯಾರಿಯರು ಮುರಿದರೆ ಮಾಗಡಿಯಲ್ಲಾಗಲಿ ಕನಕಪುರದಲ್ಲಾಗಲಿ ಯಾವ ವೆಲ್ಡಿಂಗ್ ಅಂಗಡಿಯಲ್ಲಿಯೂ ಕೆಲವೇ ನಿಮಿಷಗಳಲ್ಲಿ ಬೆಸೆದುಕೊಡುತ್ತಾರೆ. ಅಲ್ಯೂಮಿನಿಯಮ್ಮನ್ನು ಬೆಸೆಯಲು ಆರ್ಗಾನ್ ಅನಿಲದ ಬೇರೆಯೇ ಯಂತ್ರ ಬೇಕು. ಅದು ಎಲ್ಲ ಅಂಗಡಿಗಳಲ್ಲಿಯೂ ಇರುವುದಿಲ್ಲ. ಅಂಥ ಕ್ಯಾರಿಯರಿನವನು ಒಂದು ಗಜ ಗಟ್ಟಿ ತಂತಿಯನ್ನೂ ಒಂದು ಇಕ್ಕಳವನ್ನೂ ಜೊತೆಗಿಟ್ಟುಕೊಂಡಿರಬೇಕು.